ಪ್ರಾಗ್‌ನಲ್ಲಿ ನಮ್ಮ ಬೆನ್ನು ಹತ್ತಿದ ಹೆಂಗಸು

ಸ್ನೇಹಿತರೇ, ಬಾಳೂರಿನಿಂದ ಪ್ರಾಗ್ ನೋಡಲು ಬಂದಿರುವ ನನ್ನನ್ನೂ ನನ್ನ ಅತ್ತೆಯನ್ನೂ ಇವತ್ತು ಬೆಳಿಗ್ಗೆ ಒಬ್ಬ ಹೆಂಗಸು ಹಿಂಬಾಲಿಸಿದಳು. ಚಳಿಗಾಲ ಮುಗಿಯುತ್ತಾ ಬಂದರೂ ಹಳೇ ಪೇಟೆಯ ಮನೆಗಳ ಇಳಿಜಾರು ಮಾಡುಗಳ ಮೇಲೆ ಇನ್ನೂ ಹಿಮ ಕೂತಿದೆ. ಓಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಾವು ಜೋರಾಗಿ ನಡೆದರೆ ಅವಳೂ ಜೋರಾಗಿ ನಡೆದಳು. ಅದರ ಜೊತೆಗೆ ಕೈ ಬೀಸಿ ಏನೋ ಕೂಗುತ್ತಿದ್ದಳು.

"ಇವ್ಳ ಲಕ್ಷಣ ಸರಿ ಇಲ್ಲ ಮಾರಾಯ್ತಿ, ಬ್ಯಾಗ್ ಗೋಡೆ ಕಡೆ ಹಾಕ್ಕೊ" ಎಂದರು ಅತ್ತೆ.

"ತಿರುಗಿ ನೋಡ್ಬೇಡಿ ಅತ್ತೆ" ಎಂದೆ. ಇಬ್ಬರೂ ಗೋಡೆಗೆ ಅಂಟಿಕೊಂಡೇ ನಡೆದೆವು.

ಅವಳು ಓಡಿಬಂದು ನನ್ನ ತೋಳು ಹಿಡಿದು ರಸ್ತೆಯ ನಡುವಿಗೆ ಎಳೆದಳು. "ಕಳ್ಳಿ, ಕಳ್ಳಿ!" ಎಂದು ಕೂಗುತ್ತಾ ಅತ್ತೆಯೂ ನನ್ನ ಹಿಂದೆಯೇ ಬಂದರು. ಅಷ್ಟರಲ್ಲಿ ಮೇಲಿನ ಮಾಡಿನಿಂದ ಕಾಫಿ ಮೂಟೆಯಷ್ಟು ದೊಡ್ಡ ಹಿಮಗಡ್ಡೆ ಜಾರಿ, ನಾವು ನಡೆಯುತ್ತಿದ್ದ ಜಾಗಕ್ಕೇ ಬಿದ್ದು ಚೂರುಚೂರಾಯಿತು.

ಅತ್ತೆ ಆಕೆಗೆ ಕೈ ಮುಗಿದು, "ನಿಮ್ಮನ್ನ ಏನೇನೋ ಅಂದ್ಬಿಟ್ಟೆ, ಬೇಜಾರು ಮಾಡ್ಕೋಬೇಡಿ" ಎಂದು ಕನ್ನಡದಲ್ಲೇ ಹೇಳಿ, ನಮ್ಮ ತೋಟದ ಕಾಫಿಪುಡಿಯ ಪೊಟ್ಟಣವೊಂದನ್ನು ತೆಗೆದುಕೊಟ್ಟರು.

ಲೇಬಲ್ಲೂ ಇಲ್ಲದ ಆ ಕಂದು ಪುಡಿಯನ್ನು ಆಕೆ ತಿರುಗಿಸಿ ನೋಡಿದರು, ಮೂಸಿದರು, ಆಮೇಲೆ ನಮ್ಮಿಬ್ಬರ ಮುಖ ನೋಡಿದರು. ಅನುಮಾನ ಪಡುವ ಸರದಿ ಈಗ ಅವರದು.