ಮೈ ಕೊಡವದ ಬೆಳಿಗ್ಗೆ

ಸೇಲಂ ಕಡೆಯ ಅದಿಯಮಾನ್‌ಕೋಟೆಯಿಂದ ಆಚೆ, ಒಣ ಹೊಲಗಳ ನಡುವೆ ನಮ್ಮ ಊರು. ಮನೆಯಲ್ಲಿ ಕುರಿಗಳಿದ್ದವು. ಕಪ್ಪು ಮರಿಯೊಂದು ಕೆನ್ನೆಯ ಮೇಲೆ ಬಿಳಿ ಮಚ್ಚೆ ಹೊತ್ತು ಹುಟ್ಟಿದರೆ ಅದನ್ನು ಮಾರುವಂತಿರಲಿಲ್ಲ, ಅದು ದೇವರದು. ಬಲಿತ ಮೇಲೆ ಗುಡಿಯ ಮುಂದೆ ನಿಲ್ಲಿಸಿ ತಲೆಗೆ ತಣ್ಣೀರು ಸುರಿಯುತ್ತಿದ್ದರು. ಮೈ ಕೊಡವಿದರೆ ಒಪ್ಪಿಗೆ, ಆಮೇಲೆ ಕತ್ತಿ. ಅಪರೂಪಕ್ಕೊಂದು ಕೊಡವದೆ ನಿಂತರೆ, ಈ ವರ್ಷ ದೇವರಿಗೆ ಬೇಡವಂತೆ ಎಂದು ಮನೆಗೆ ಅಟ್ಟಿಕೊಂಡು ಬರುತ್ತಿದ್ದರು.

ಎರಡನೇ ತರಗತಿಯಲ್ಲಿದ್ದಾಗ ನನ್ನ ಕೆನ್ನೆಗಳ ಮೇಲೆ ಮಾಸಲು ಬಿಳಿಯ ಕಲೆಗಳು ಕಾಣಿಸಿಕೊಂಡವು. ಉರಿ ಇಲ್ಲ, ನೋವಿಲ್ಲ. ಮುಟ್ಟಿದರೆ ತುಸು ಒರಟು. ನಮ್ಮ ಕಡೆ ಅದನ್ನು ತೇಮಲ್ ಎನ್ನುತ್ತಾರೆ. ಹೊಟ್ಟೆಯಲ್ಲಿ ಹುಳು ಎಂದು ಅಮ್ಮ ಮಾತ್ರೆ ನುಂಗಿಸಿದಳು. ಅಜ್ಜಿ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನಕ್ಕಳು.

"ಏನ್ಲಾ, ನಿನ್ಗೂ ದೇವ್ರು ಗುರ್ತು ಆಕವ್ನೆ. ಮರಿ ಜೊತೆ ನಿನ್ನೂ ಅಟ್ಕೊಂಡೋಗ್ತೀನಿ."

ಆ ವರ್ಷ ಹಟ್ಟಿಯಲ್ಲಿ ಮಚ್ಚೆಯ ಮರಿಯೊಂದಿತ್ತು. ಅಜ್ಜಿಯದು ತಮಾಷೆ ಎಂದು ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಪೂಜೆಯ ದಿನ ಬೆಳಿಗ್ಗೆ ಅಜ್ಜಿ ನನ್ನನ್ನು ಬಾವಿಯ ಬಳಿ ನಿಲ್ಲಿಸಿ ತಲೆಗೆ ಒಂದು ಬಿಂದಿಗೆ ನೀರು ಸುರಿದಳು. ಅಂದು ಎಲ್ಲ ಮಕ್ಕಳಿಗೂ ಅದೇ ಸ್ನಾನ. ಕೊಡವದಿದ್ದರೆ ಬಿಡುತ್ತಾರೆ ಎಂಬುದಷ್ಟೇ ನನಗೆ ಗೊತ್ತಿತ್ತು. ಹಲ್ಲು ಕಚ್ಚಿ ನಿಂತೆ. ಕಣ್ಣಿಗಿಳಿದ ನೀರನ್ನೂ ಒರೆಸಿಕೊಳ್ಳಲಿಲ್ಲ. ಚಳಿ ಆಗಲ್ವೇನ್ಲಾ ಎಂದು ಅಜ್ಜಿ ಇನ್ನೊಂದು ಬಿಂದಿಗೆ ಸುರಿದಳು. ನಾನು ಅಲುಗಲಿಲ್ಲ.

ಗುಡಿಯ ಮುಂದೆ ಮರಿ ಮೊದಲ ಚೊಂಬಿಗೇ ಮೈ ಕೊಡವಿತು. ಹನಿಗಳು ನನ್ನ ಮುಖಕ್ಕೆ ಸಿಡಿದವು.

ನನ್ನ ಕಲೆಗಳು ಯಾವಾಗ ಹೋದವೋ ಯಾರೂ ಗಮನಿಸಲಿಲ್ಲ.

ಕಳೆದ ಬೇಸಿಗೆಯಲ್ಲಿ ಅವೇ ಕಲೆಗಳು ನನ್ನ ಮಗಳ ಕೆನ್ನೆಯ ಮೇಲೆ ಬಂದವು. ಸೇಲಂನ ಚರ್ಮದ ಡಾಕ್ಟರ್ ನೋಡಿ, ಇದು ತೊನ್ನಲ್ಲ, ಅಂಟುವುದೂ ಇಲ್ಲ ಎಂದರು. ಚರ್ಮ ಒಣಗಿದ ಮಕ್ಕಳಲ್ಲಿ ಸಾಮಾನ್ಯ. ಬಿಸಿಲಿಗೆ ಮುಖ ಕಪ್ಪಾದಾಗ ಎದ್ದು ಕಾಣುತ್ತದೆ, ನಿಧಾನವಾಗಿ ತಾನೇ ಹೋಗುತ್ತದೆ. ಹಚ್ಚಲು ಒಂದು ಕ್ರೀಮ್ ಬರೆದುಕೊಟ್ಟರು. ಅವರ ಮಾತನ್ನು ನಾನು ನಂಬಿದೆ.

ಆ ಸಂಜೆ ಅವಳಿಗೆ ಸ್ನಾನ ಮಾಡಿಸಲು ಕೂತೆ. ನೀರು ಬೆಚ್ಚಗಿದೆಯೇ ಎಂದು ಬೆರಳದ್ದಿ ನೋಡಿದೆ, ಮತ್ತೂ ನೋಡಿದೆ. ಮಗ್ ಹಿಡಿದ ಕೈ ಅವಳ ತಲೆಯ ಮೇಲೆ ನಿಂತೇ ಇತ್ತು.

"ಅಪ್ಪಾ, ಸೀಕ್ರಂ, ಬೇಗ ಉಯ್ಯಿ," ಎಂದಳು, ಕಣ್ಣು ಮುಚ್ಚಿಕೊಂಡು.

ಸುರಿದೆ. ಅವಳು ನಗುತ್ತ ಇಡೀ ಮೈ ಕೊಡವಿದಳು.