ಶುಕ್ರವಾರದ ಟೇಬಲ್ ಬಿಟ್ಟುಕೊಡದ ರೇಲೀನ್

ನಮ್ಮೂರು ವಿರಬಿಲ್ಲದಲ್ಲಿ ರೇಲೀನ್ ಟಕ್‌ವೆಲ್ ಓಡಿಸಿದ ಶಾಲಾ ಬಸ್ಸನ್ನು ಹತ್ತದವರು ಕಡಿಮೆ. ಇಪ್ಪತ್ತೆರಡು ವರ್ಷ ಓಡಿಸಿದಳು. ಹಿಂದಿನ ಸೀಟುಗಳಲ್ಲಿ ಗಲಾಟೆ ಜೋರಾದರೆ ಅವಳು ಕೂಗಾಡುತ್ತಿರಲಿಲ್ಲ. ಗೋಧಿ ಹೊಲದ ಬದಿಯಲ್ಲಿ ಬಸ್ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಚೀಲದಿಂದ ಉಲ್ಲನ್ ಹೆಣಿಗೆ ತೆಗೆದುಕೊಂಡು ಕೂರುತ್ತಿದ್ದಳು. ಮಕ್ಕಳು ತಾವಾಗಿ ಸುಮ್ಮನಾಗುವ ತನಕ ಬಸ್ ಕದಲುತ್ತಿರಲಿಲ್ಲ. ಒಮ್ಮೆ ಒಂದೂವರೆ ಗಂಟೆ ಹಾಗೆ ಕೂತಿದ್ದಳು. ಹೆಡ್‌ಮಾಸ್ಟರು ಕಾರು ತೆಗೆದುಕೊಂಡು ಹುಡುಕಿಕೊಂಡು ಬರುವಷ್ಟರಲ್ಲಿ ಒಂದು ಕಾಲುಚೀಲ ಮುಗಿದಿತ್ತಂತೆ. ನನ್ನ ಮಗನೂ ಆ ದಿನ ಬಸ್ಸಿನಲ್ಲಿದ್ದ. ಮನೆಗೆ ಬಂದವನು ಒಂದು ವಾರ ಬಾಯಿ ಬಿಡಲಿಲ್ಲ, ನನಗೆ ಅದೇ ಒಂದು ಸುಖ.

ನಾನು ಗ್ಲೆನಿಸ್. ಹಳೇ ಸೈನಿಕರ ಕ್ಲಬ್ಬಿನ ಊಟದ ಹಾಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೌಂಟರು ನನ್ನದು. ಆರ್ಡರ್ ಬರೆದುಕೊಳ್ಳುವುದು, ಟೇಬಲ್ ಮೇಲಿಡಲು ನಂಬರ್ ಕೊಡುವುದು, ಬಿಸಿ ತಟ್ಟೆ ತಲುಪಿಸುವುದು. ಯಾರು ಗ್ರೇವಿ ಬೇಡ ಅನ್ನುತ್ತಾರೆ, ಯಾರು ಬಟಾಣಿಯನ್ನು ತಟ್ಟೆಯಂಚಿಗೆ ತಳ್ಳುತ್ತಾರೆ, ಎಲ್ಲ ಗೊತ್ತು. ರೇಲೀನ್ ಮತ್ತು ಅವಳ ಗಂಡ ಡೆಸ್ ಪ್ರತಿ ಶುಕ್ರವಾರ ಐದೂವರೆಗೆ ಬರುತ್ತಿದ್ದರು. ಮೂಲೆಯ ಟೇಬಲ್. ಡೆಸ್ ಬೆನ್ನು ಗೋಡೆಗೆ ಕೊಟ್ಟು, ಬಾಗಿಲು ಕಾಣುವ ಹಾಗೆ ಕೂರುತ್ತಿದ್ದ. ಅವನಿಗೆ ಮೀನು, ಅವಳಿಗೆ ಬ್ರೆಡ್ ಪುಡಿ ಹಚ್ಚಿ ಕರಿದ ಚಿಕನ್ ಷ್ನಿಟ್ಜೆಲ್.

ಡೆಸ್ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವನು. ಅಲ್ಲಿನ ಮಾತನ್ನು ಯಾರೊಡನೆಯೂ ಆಡಿದವನಲ್ಲ, ಹೆಂಡತಿಯೊಡನೆಯೂ. ಮದುವೆಯಾದ ಹೊಸತರಲ್ಲಿ ಎರಡು ವರ್ಷ ಹಿತ್ತಲಿನ ಶೆಡ್ಡಿನಲ್ಲೇ ಇದ್ದುಬಿಟ್ಟಿದ್ದ. ಊಟ ಅಲ್ಲೇ, ಎಷ್ಟೋ ದಿನ ನಿದ್ದೆಯೂ ಅಲ್ಲೇ. ಅವನನ್ನು ಅಲ್ಲಿಂದ ಹೊರಗೆ ತಂದದ್ದು ಈ ಶುಕ್ರವಾರದ ಊಟ. ವಾರಕ್ಕೊಂದು ಸಲ ಒಳ್ಳೇ ಬಟ್ಟೆ ಹಾಕಿಕೊಂಡು ಹೊರಡಲೇಬೇಕು ಎಂದು ರೇಲೀನ್ ಹಟ ಹಿಡಿದಿದ್ದಳು. ನಲವತ್ತು ವರ್ಷ ಆ ಹಟ ನಡೆಯಿತು.

ಆಮೇಲೆ ಟಿಲ್ಲಿ ಬಂದಳು. ಇವರ ಮಗಳು ಕೆರಿನ್‌ಗೆ ದೂರದ ಗಣಿಯಲ್ಲಿ ಕೆಲಸ, ಮೂರು ವಾರ ಅಲ್ಲಿ, ಒಂದು ವಾರ ಇಲ್ಲಿ. ಮೂರು ವರ್ಷದ ಮೊಮ್ಮಗಳು ಅಜ್ಜಿ ತಾತನ ಪಾಲಿಗೆ ಬಂದಳು. ರೇಲೀನ್ ಮೊದಲ ಶುಕ್ರವಾರವೇ ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ಕ್ಲಬ್ಬಿಗೆ ಬಂದಳು. ಎತ್ತರದ ಕುರ್ಚಿ ಹಾಕಿಸಿದಳು, ಬಣ್ಣದ ಪೆನ್ಸಿಲ್ ಕೇಳಿದಳು, ಚಿಕನ್ ನಗೆಟ್ಸ್ ಹೇಳಿದಳು. ಮಗು ಟೊಮ್ಯಾಟೊ ಸಾಸನ್ನು ಡೆಸ್‌ನ ತೋಳಿಗೆ ಬಳಿಯಿತು, ಅವನು ನಕ್ಕ. ಡೆಸ್ ನಗುವುದನ್ನು ನಾನು ಲೆಕ್ಕ ಹಾಕಿ ಹೇಳಬಲ್ಲೆ, ಅಷ್ಟು ಅಪರೂಪ.

ಸಂಜೆ ಆರಕ್ಕೆ ಸರಿಯಾಗಿ ನಮ್ಮಲ್ಲಿ ಹಾಲಿನ ದೀಪಗಳ ಬೆಳಕು ಇಳಿಸುತ್ತೇವೆ. ಅದರ ತಿರುಗಿಸುವ ಸ್ವಿಚ್ಚು ಕೌಂಟರಿನ ಹಿಂದೆ, ನನ್ನ ಕೈಗೆ ಎಟುಕುವಲ್ಲಿದೆ. ಟಿವಿ ಬಾಯಿ ಮುಚ್ಚುತ್ತದೆ, ಅಡುಗೆಯವರು ಚಿಪ್ಸನ್ನು ಎಣ್ಣೆಯಿಂದ ಎತ್ತಿ ಹಿಡಿದು ನಿಲ್ಲುತ್ತಾರೆ, ಊಟ ಮಾಡುತ್ತಿದ್ದವರು ಬಾಯಲ್ಲಿದ್ದುದನ್ನು ನುಂಗಿ ಎದ್ದು ಗೋಡೆಯ ಸಣ್ಣ ದೀಪದ ಕಡೆ ತಿರುಗುತ್ತಾರೆ. ಯುದ್ಧದಿಂದ ಮರಳದವರಿಗಾಗಿ ಅಧ್ಯಕ್ಷ ನೆವಿಲ್ ನಾಲ್ಕು ಸಾಲು ಹೇಳುತ್ತಾನೆ, ಆಮೇಲೆ ಒಂದು ನಿಮಿಷ ಮೌನ. ಆ ನಿಮಿಷದಲ್ಲಿ ಕೆಮ್ಮು ಬಂದರೂ ನುಂಗಿಕೊಳ್ಳುವ ಊರು ನಮ್ಮದು.

ಅಂದು ನಾನು ದೀಪ ಇಳಿಸಿದೆ. ಚಳಿಗಾಲ, ಹೊರಗೂ ಕತ್ತಲೆ. ಟಿಲ್ಲಿ ಚೀರಿದ ಚೀರಿಗೆ ಹಾಲೇ ನಡುಗಿತು. ಎತ್ತಿಕೊಂಡರೂ ನಿಲ್ಲಲಿಲ್ಲ, ನಿಮಿಷ ಪೂರ್ತಿ ಚೀರಿದಳು. ಡೆಸ್ ಕಣ್ಣು ಮುಚ್ಚಿ ನೆಟ್ಟಗೆ ನಿಂತಿದ್ದ, ಅವನ ಕತ್ತಿನ ನರಗಳು ಉಬ್ಬಿದ್ದವು.

ದೀಪ ಬಂದ ಮೇಲೆ ನೆವಿಲ್ ಅವರ ಟೇಬಲ್ ಹತ್ತಿರ ಹೋದ.

"ನೋಡು ರೇಲೀನ್, ಮಗೂನ ಕರ್ಕೊಂಡು ಬರೋದಾದ್ರೆ ಆರೂವರೆ ಮೇಲೆ ಬನ್ನಿ. ಇಲ್ಲಾಂದ್ರೆ ಅದು ದೊಡ್ಡದಾಗೋವರ್ಗೂ ಮನೇಲೇ ಏನಾದ್ರೂ ಬೇಯಿಸ್ಕೊಳ್ಳಿ."

"ನೆವಿಲ್, ನಿನ್ನ ಮಗ ನನ್ನ ಬಸ್ಸಲ್ಲಿ ಮೂರು ವರ್ಷ ದಿನಾ ವಾಂತಿ ಮಾಡ್ದ. ದೊಡ್ಡವನಾಗೋವರ್ಗೂ ನಡ್ಕೊಂಡು ಹೋಗ್ಲಿ ಅಂದಿದ್ನಾ ನಾನು?"

ಹಾಲಿನಲ್ಲಿ ಕೆಲವರು ನಕ್ಕರು. ನಾನು ನಗಲಿಲ್ಲ. ನಿಜ ಹೇಳಬೇಕೆಂದರೆ ಆ ದಿನ ನಾನೂ ನೆವಿಲ್ ಪರವೇ. ಒಂದು ನಿಮಿಷ ಸುಮ್ಮನಿರಿಸಲಾಗದ ಮಗುವನ್ನು ಹೋಟೆಲಿಗೆ ಯಾಕೆ ತರಬೇಕು ಎಂದು ಅಡುಗೆಮನೆಯಲ್ಲಿ ಗೊಣಗಿದೆ.

ಮುಂದಿನ ಶುಕ್ರವಾರ ಆ ಟೇಬಲ್ ಖಾಲಿ. ಅದರ ಮುಂದಿನ ವಾರವೂ ಖಾಲಿ. ಮೂರನೇ ವಾರ ರೇಲೀನ್ ಒಂದು ಬೆಳಿಗ್ಗೆ ಟಿಲ್ಲಿಯನ್ನು ಕರೆದುಕೊಂಡು ಬಂದು ಕೌಂಟರಿಗೆ ಒರಗಿ ನಿಂತಳು.

"ಡೆಸ್ ಮತ್ತೆ ಶೆಡ್ ಸೇರ್ಕೊಂಡಿದಾನೆ ಗ್ಲೆನ್," ಎಂದಳು. "ಆರೂವರೆಗೆ ಹೋಗೋಣ ಅಂದ್ರೆ, ಆ ನಿಮಿಷ ತಪ್ಪಿಸ್ಕೊಂಡು ಹೋಗಿ ಮೀನು ತಿನ್ನೋಕೆ ನಂಗೆ ನಾಚ್ಕೆ ಇಲ್ವಾ ಅಂತಾನೆ. ಒಬ್ನೇ ಹೋಗು ಅಂದ್ರೆ ಹೋಗಲ್ಲ. ನಿನ್ನೆ ಹಾಸಿಗೆ ಎತ್ಕೊಂಡು ಹೋದ."

"ಮಗೂನ ಒಂದು ಗಂಟೆ ನಾನು ನೋಡ್ಕೋತೀನಿ ಬೇಕಾದ್ರೆ."

"ಬೇಡ. ಮನೇಲಿ ಒಂದು ಮಗು ಇದೆ ಅಂದ್ಮೇಲೆ ನಾವು ಎಲ್ಲಿ ಉಣ್ತೀವೋ ಅದೂ ಅಲ್ಲೇ ಉಣ್ಬೇಕು. ಅವಳನ್ನ ಬಚ್ಚಿಟ್ರೆ ಡೆಸ್ ಆ ಟೇಬಲ್‌ಗೆ ಬಂದು ಬಾಯಿಗೆ ತುತ್ತು ಇಡ್ತಾನಾ? ನಂಗೆ ಇಬ್ರೂ ಬೇಕು. ಅದೇ ಟೇಬಲ್ಲಿಗೆ, ಅದೇ ಹೊತ್ತಿಗೆ."

ಅವಳ ಮುಖ ನೋಡಿದೆ. ಗೋಧಿ ಹೊಲದ ಬದಿಯಲ್ಲಿ ನಿಂತ ಬಸ್ಸಿನ ಡ್ರೈವರು. ಡೆಸ್ ಇನ್ನೆರಡು ವರ್ಷ ಆ ಶೆಡ್ಡಿನಲ್ಲಿ ಕಳೆದರೆ ಈ ಸಲ ಹೊರಗೆ ಬರುವ ವಯಸ್ಸು ಅವನದಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಅಂದಿನಿಂದ ರೇಲೀನ್ ಟಿಲ್ಲಿಗೆ ಹೊರಗೆ ಕೂತು ಉಣ್ಣುವ ಶಾಲೆ ಶುರು ಮಾಡಿದಳು. ಮಧ್ಯಾಹ್ನ ಬೇಕರಿ, ಮಂಗಳವಾರ ಮುಖ್ಯ ಬೀದಿಯ ಚೀನಾ ಹೋಟೆಲ್. ಅಲ್ಲಿ ಟೇಬಲಿನ ನಡುವೆ ತಿರುಗುವ ತಟ್ಟೆಯನ್ನು ಟಿಲ್ಲಿ ಮೈಮೇಲೆ ಬಂದವಳಂತೆ ತಿರುಗಿಸಿ, ಹುಳಿಸಿಹಿ ಹಂದಿಮಾಂಸವನ್ನೆಲ್ಲ ಅಂಚೆ ಕಚೇರಿಯ ಮೇಡಂ ಮಡಿಲಿಗೆ ಇಳಿಸಿದಳಂತೆ. ರೇಲೀನ್ ಕ್ಷಮೆ ಕೇಳಿದಳು, ನೆಲ ಒರೆಸಿದಳು, ಮತ್ತೆ ಬಂದು ಕೂತಳು. ಎದ್ದು ಹೋಗಲಿಲ್ಲ. ಅತ್ತರೆ ಮನೆಗೆ ಹೋಗಬಹುದು ಎಂದು ಮಗು ಒಮ್ಮೆ ಕಲಿತರೆ ಮುಗಿಯಿತು ಎನ್ನುತ್ತಿದ್ದಳು.

ಮನೆಯಲ್ಲಿ ದಿನಾ ಸಂಜೆ ಆರಕ್ಕೆ ಅಡುಗೆಮನೆ ದೀಪ ಆರಿಸಿ ನಿಲ್ಲುತ್ತಿದ್ದಳು. ಮೊದಲ ವಾರ ಪೂರ್ತಿ ಚೀರಾಟ. ಎಂಟನೇ ದಿನ ಅವಳಿಗೆ ಹೊಳೆಯಿತು. ಟಿಲ್ಲಿಯನ್ನು ಎತ್ತಿ ಸ್ವಿಚ್ಚಿನ ಹತ್ತಿರ ಹಿಡಿದು, "ನೀನೇ ಆರ್ಸು," ಎಂದಳು. ಮಗು ಆರಿಸಿತು. ಅಳಲಿಲ್ಲ. ಹೇಳದೆ ಕೇಳದೆ ಬಂದ ಕತ್ತಲೆಗೆ ಹೆದರುತ್ತಿದ್ದವಳು, ತಾನೇ ತಂದ ಕತ್ತಲೆಯಲ್ಲಿ ಅಜ್ಜಿಯ ಬೆರಳು ಹಿಡಿದು ನಿಂತಳು.

ಒಂದು ಗುರುವಾರ ರೇಲೀನ್ ಮತ್ತೆ ಬಂದಳು.

"ನಾಳೆ ನಿನ್ನ ಸ್ವಿಚ್ಚು ಟಿಲ್ಲಿ ಇಳಿಸ್ತಾಳೆ."

"ಏನು ತಮಾಷೇನಾ? ಅದು ಆಟದ ಸಾಮಾನಲ್ಲ ಕಣೇ! ನೆವಿಲ್ ನನ್ನ ಸಿಗ್ದು ಹಾಕ್ತಾನೆ."

"ಹಾಕ್ಲಿ. ಹೊಲ್ಸಿಕೊಡ್ತೀನಿ."

ನಾನು ಆಗುವುದಿಲ್ಲ ಅಂದೆ. ಹತ್ತೊಂಬತ್ತು ವರ್ಷ ಬೇರೆ ಯಾರ ಕೈಗೂ ಕೊಡದ ಸ್ವಿಚ್ಚು ಅದು. ಅವಳು ವಾದ ಮಾಡಲಿಲ್ಲ. ಹತ್ತಿರದ ಕುರ್ಚಿ ಎಳೆದುಕೊಂಡು ಚೀಲದಿಂದ ಹೆಣಿಗೆ ತೆಗೆದಳು. ಮಧ್ಯಾಹ್ನದ ಊಟದ ಗಲಾಟೆ ಮುಗಿದು, ಟೇಬಲ್‌ಗಳನ್ನೆಲ್ಲ ಒರೆಸಿಯಾದರೂ ಅಲ್ಲೇ ಇದ್ದಳು. ಕೊನೆಗೆ, "ಸರಿ, ಹಾಳಾಗ್ಹೋಗು, ಕರ್ಕೊಂಡು ಬಾ," ಎಂದೆ.

ಅದೇ ರೀತಿ ಶುಕ್ರವಾರ ಐದಕ್ಕೆ ಶೆಡ್ಡಿನ ಬಾಗಿಲಲ್ಲೂ ಕೂತಳಂತೆ. ಡೆಸ್ ಅವಳ ಜೊತೆ ಬಂದ. ಗಡ್ಡ ಬೋಳಿಸಿರಲಿಲ್ಲ, ಆದರೆ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಮೀನು, ಷ್ನಿಟ್ಜೆಲ್, ನಗೆಟ್ಸ್. ನೆವಿಲ್ ದೂರದಿಂದ ನೋಡಿ ನನ್ನ ಕಡೆ ಹುಬ್ಬು ಹಾರಿಸಿದ. ನಾನು ಗ್ಲಾಸು ಒರೆಸುತ್ತ ಅತ್ತ ತಿರುಗಿದೆ.

ಆರಕ್ಕೆ ಎರಡು ನಿಮಿಷ ಇರುವಾಗ ರೇಲೀನ್ ಟಿಲ್ಲಿಯನ್ನು ತಂದು ನನ್ನ ಕೈಗೆ ಕೊಟ್ಟಳು. ಎತ್ತಿ ಹಿಡಿದೆ. ಸಾಸ್ ಮೆತ್ತಿದ ಪುಟ್ಟ ಬೆರಳುಗಳು ಗುಂಡಿಯನ್ನು ನಿಧಾನಕ್ಕೆ ತಿರುಗಿಸಿದವು. ದೀಪ ಇಳಿಯಿತು. ಕೆಳಗಿಳಿಸಿದ್ದೇ ಅವಳು ಟೇಬಲ್‌ಗಳ ನಡುವೆ ನಡೆದುಕೊಂಡು ಹೋಗಿ ತಾತನ ಪಕ್ಕ ನಿಂತಳು. ನೆವಿಲ್ ನಾಲ್ಕು ಸಾಲು ಹೇಳಿ ಮುಗಿಸಿದ. ಮೌನ ಶುರುವಾಯಿತು. ಅಳು ಇಲ್ಲ, ಚೀರು ಇಲ್ಲ.

ಅರ್ಧ ನಿಮಿಷ ಕಳೆದಿರಬೇಕು. ಇಡೀ ಹಾಲಿಗೆ ಕೇಳುವ ಹಾಗೆ ಟಿಲ್ಲಿ ಕೇಳಿದಳು.

"ತಾತಾ, ನಾವು ಯಾರಿಗೋಸ್ಕರ ಸುಮ್ನೆ ನಿಂತಿರೋದು?"

ನೆವಿಲ್‌ನ ಭುಜ ಬಿಗಿಯಾಯಿತು. ರೇಲೀನ್ ಕೈ ಮಗುವಿನ ಬಾಯಿಯ ಕಡೆ ಹೋಯಿತು. ಅಷ್ಟರಲ್ಲಿ ಡೆಸ್ ಮಾತಾಡಿದ. ಆ ನಿಮಿಷವನ್ನು ಜನ್ಮದಲ್ಲಿ ಒಮ್ಮೆಯೂ ಮುರಿಯದವನು ಮುರಿದ.

"ನನ್ನ ಫ್ರೆಂಡಿಗೋಸ್ಕರ ಪುಟ್ಟಿ. ಡಾರಿಲ್ ಅಂತ."

"ಎಲ್ಲಿದಾನೆ?"

"ಬರ್ಲಿಲ್ಲ. ಇಬ್ರೂ ಒಟ್ಟಿಗೇ ಹೋದ್ವಿ. ನಾನು ಬಂದೆ, ಅವನು ಬರ್ಲಿಲ್ಲ."

ನಿಮಿಷ ಯಾವಾಗಲೋ ಮುಗಿದಿತ್ತು, ದೀಪ ಏರಿಸು ಎಂದು ನೆವಿಲ್ ಸನ್ನೆ ಮಾಡಲಿಲ್ಲ. ತಲೆ ತಗ್ಗಿಸಿಕೊಂಡೇ ನಿಂತಿದ್ದ. ಕಡೆಗೆ ನಾನೇ ಏರಿಸಿದೆ. ಡೆಸ್‌ನ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಅವನು ಕೈ ಎತ್ತಲಿಲ್ಲ. ಒಂದು ಕೈಯನ್ನು ಮಗು ಹಿಡಿದಿತ್ತು, ಇನ್ನೊಂದರಲ್ಲಿ ಕುರ್ಚಿಯ ಬೆನ್ನು.

ಎಲ್ಲರೂ ಕೂತರು. ರೇಲೀನ್ ಮಾತ್ರ ನಿಂತೇ ಗಂಡನನ್ನು ನೋಡುತ್ತಿದ್ದಳು. ನಲವತ್ತು ವರ್ಷ ಅವನ ಬಟ್ಟೆ ಒಗೆದಿದ್ದಾಳೆ, ಅವನು ನಿದ್ದೆಯಲ್ಲಿ ಬೆಚ್ಚಿದಾಗ ಎದೆ ಸವರಿದ್ದಾಳೆ. ಆ ಹೆಸರನ್ನು ಅವಳು ಕೇಳುತ್ತಿದ್ದುದು ಅದೇ ಮೊದಲು.

ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಡಾರಿಲ್ ಯಾರು ಡೆಸ್? ಮೊದಲಿಂದ ಹೇಳು. ನಂಗೇನೂ ಅವಸರ ಇಲ್ಲ."

ಅವನು ಹೇಳತೊಡಗಿದ. ಟಿಲ್ಲಿ ತನ್ನ ನಗೆಟ್ಸ್ ಮುಗಿಸಿ, ಅಜ್ಜಿಯ ಚಿಪ್ಸಿಗೂ ಕೈ ಹಾಕಿದಳು. ಆ ಸಂಜೆ ಅವರಿಬ್ಬರ ತಟ್ಟೆಗಳನ್ನು ನಾನು ಎರಡು ಸಲ ಬಿಸಿ ಮಾಡಿಕೊಟ್ಟೆ.