ಸಾಹೇಬರ ಬಂಡಿ ಇಳಿದ ದಾರಿ

ರಾಯಚೂರಿನ ನನ್ನ ಮನೆಯ ಮುಂದೆ ಕಬ್ಬಿಣದ ಗಾಲಿಯ ಕೈಗಾಡಿ ಹಾದುಹೋದಾಗಲೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ಬಾಗಿಲಿಗೆ ಓಡುತ್ತೇನೆ. ಸಿಮೆಂಟಿನ ಮೇಲೆ ಕಬ್ಬಿಣ ಉರುಳುವ ಸದ್ದು. ಗಾಡಿ ತನ್ನ ಪಾಡಿಗೆ ಹೋಗುತ್ತದೆ. ನಾನು ಮಾತ್ರ ಹೋದ ವರ್ಷದ ಇಳಿಜಾರಿನಲ್ಲೇ ಇರುತ್ತೇನೆ. ಬಂಡಿಯ ಮೇಲೆ ಅಪ್ಪ, ನೊಗದಲ್ಲಿ ತಮ್ಮ.

ದೇವದುರ್ಗ, ಮಾನ್ವಿಯ ನಡುವಿನ ಸಣ್ಣ ಪಟ್ಟಣ ನನ್ನ ತವರು. ನಿಜಾಮರ ಕಾಲದಲ್ಲಿ ಅಲ್ಲಿಗೆ, ಅಸ್ಪೃಶ್ಯರ ಪರ ಹೋರಾಡುತ್ತಿದ್ದ ಒಬ್ಬ ನಾಯಕರು ಬಂದಿದ್ದರು. ನಮ್ಮ ಕೇರಿಯವರು ಇಂದಿಗೂ ಅವರನ್ನು ಸಾಹೇಬರು ಎಂದಷ್ಟೇ ಕರೆಯುತ್ತಾರೆ. ಊರ ಬಾವಿಯ ತನಕ ಕರೆತಂದ ಬಂಡಿಯವನು, ನನ್ನ ಎತ್ತು ಕೇರಿಯೊಳಗೆ ಕಾಲಿಡುವುದಿಲ್ಲ ಎಂದು ಎತ್ತು ಬಿಚ್ಚಿಕೊಂಡು ಹೋಗಿಬಿಟ್ಟ. ಸಾಹೇಬರು ಇಳಿದು ನಡೆಯಲು ಹೊರಟರಂತೆ. ನಮ್ಮವರು ಇಳಿಯಗೊಡಲಿಲ್ಲ. ನನ್ನ ತಾತ ಮತ್ತವನ ಜೊತೆಗಾರರು ನೊಗಕ್ಕೆ ಹೆಗಲು ಕೊಟ್ಟು ಬಂಡಿಯನ್ನು ಕೇರಿಗೆ ಎಳೆದು ತಂದರು. ಮನುಷ್ಯರು ಎಳೆಯುವಾಗ ನಾನು ಕೂರುವುದು ಸರಿಯಲ್ಲ ಎಂದು ಸಾಹೇಬರು ದಾರಿಯುದ್ದಕ್ಕೂ ನಿಂತೇ ಇದ್ದರಂತೆ.

ಆ ಭೇಟಿಯನ್ನು ನೆನೆಯುವ ದಿನ ಮೊದಲೆಲ್ಲ ಒಂದು ಭಾಷಣ, ಒಂದು ಊಟ. ಹೋದ ವರ್ಷ ಎಲ್ಲವೂ ಆ ಕಾಲದಂತೆಯೇ ಆಗಲಿ ಎಂದು ಕೇರಿ ನಿರ್ಧರಿಸಿತು. ಗಂಡಸರ ತಲೆಗೆ ಪಟಗ, ಹೆಂಗಸರಿಗೆ ಇಳಕಲ್ ಸೀರೆ, ಮಾವಿನ ತೋರಣದ ಕಮಾನು, ಹಲಗೆ ಮೇಳ. ಮರದ ಗಾಲಿಗೆ ಕಬ್ಬಿಣದ ಪಟ್ಟಿ ಹೊಡೆದ ಬಂಡಿ ಎಲ್ಲೂ ಸಿಗದೆ ಕೊನೆಗೆ ಚಂದ್ರಬಂಡದಿಂದ ಲಾರಿಯಲ್ಲಿ ಬಂತು. ಎತ್ತು ಕೊಟ್ಟವನು ಅಪ್ಪನ ಗೆಳೆಯ, ಕುರುಬರ ಹಿರಿಯ. ಸಾಹೇಬರ ವೇಷ ನಿವೃತ್ತ ಮಾಸ್ತರರಾದ ಅಪ್ಪನದು. ಕರಿ ಕೋಟು ಹಾಕಿ ಬಂಡಿ ಹತ್ತಿ, ಸಾಹೇಬರಂತೆ ನಿಂತೇಬಿಟ್ಟರು.

ಬಾವಿಯ ಬಳಿ ಕುರುಬರ ಹಿರಿಯ ಎತ್ತು ಬಿಚ್ಚುತ್ತಾ ನಕ್ಕ. "ಆಗ ಒಬ್ಬಾಂವ ಸಿಟ್ಟಿಲೆ ಬಿಚ್ಚಿದ. ಈಗ ನಾನು ಪ್ರೀತಿಲೆ ಬಿಚ್ಚಾಕತ್ತೀನಿ. ಆದ್ರ ಮಾಸ್ತರ, ನಿಮ್ಮ ಹುಡುಗ್ರ ಹೆಗಲು ನೊಗ ತಡಿತಾವೇನ್ರೀ? ಚೀಲ ಹೊತ್ತು ಆಫೀಸಿಗಿ ಹೋಗೋ ಹೆಗಲವು."

"ನಮ್ಮಪ್ಪ ಎಳದಿದ್ದ, ನನ್ನ ಮಗ ಎಳಿತಾನ," ಎಂದರು ಅಪ್ಪ.

"ಲೇ, ಮೊದ್ಲು ಕೈಯಾಗಿನ ವಾಚ್ ಬಿಚ್ಚಲೇ! ತಾತನ ಕಾಲದಾಗ ಇದು ಎಲ್ಲಿತ್ತು?" ಎಂದು ಯಾರೋ ತಮ್ಮನನ್ನು ಗೇಲಿ ಮಾಡಿದರು. ಎಲ್ಲರೂ ನಕ್ಕೆವು. ತಮ್ಮ ಮತ್ತವನ ಗೆಳೆಯರು ನೊಗಕ್ಕೆ ಹೆಗಲು ಕೊಟ್ಟರು; ನಾನು ಫೋನಿನಲ್ಲಿ ವಿಡಿಯೋ ಮಾಡುತ್ತಾ ಪಕ್ಕದಲ್ಲೇ ನಡೆದೆ.

ಸಮತಟ್ಟಿನಲ್ಲಿ ಎಲ್ಲ ಚೆನ್ನಾಗಿತ್ತು. ಬಾವಿ ದಾಟಿದ ಮೇಲೆ ದಾರಿ ಕೇರಿಯ ಕಡೆಗೆ ಇಳಿಯುತ್ತದೆ. ತಾತನ ಕಾಲದಲ್ಲಿ ಅಲ್ಲಿ ಎರೆಮಣ್ಣಿನ ರಾಡಿ. ಬಂಡಿಯನ್ನು ಎಳೆಯುವುದೇ ಕಷ್ಟ, ಓಡುವುದೆಲ್ಲಿ ಬಂತು. ಈಗ ಅದು ಸಿಮೆಂಟ್ ರಸ್ತೆ. ಎಷ್ಟೋ ವರ್ಷ ಅರ್ಜಿ ಕೊಟ್ಟು ತಂದದ್ದು ಅಪ್ಪನೇ. ಇಳಿಜಾರಿನಲ್ಲಿ ಬಂಡಿಯನ್ನು ತಡೆಯುವುದು ಎತ್ತಿನ ಕುತ್ತಿಗೆ, ಅದಕ್ಕೆ ಬೇರೆ ಬ್ರೇಕು ಇಲ್ಲ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎತ್ತು ಬಿಚ್ಚಿದ ಹಿರಿಯನಿಗೂ ಹೊಳೆಯಲಿಲ್ಲ; ಅವನದೂ ಈಗ ಟ್ರ್ಯಾಕ್ಟರ್ ಬೇಸಾಯ.

ಎಳೆಯುತ್ತಿದ್ದವರು ಒಮ್ಮೆಲೆ ಓಡತೊಡಗಿದರು. ಅದು ಉತ್ಸಾಹ ಎಂದುಕೊಂಡೆ. ಹಲಗೆಯವರೂ ಹಾಗೇ ಎಣಿಸಿ ಬಡಿತ ಜೋರು ಮಾಡಿದರು. ಆಮೇಲೆ ತಮ್ಮನ ಮುಖ ಕಂಡಿತು. ಅವನು ಎಳೆಯುತ್ತಿರಲಿಲ್ಲ. ಬಂಡಿ ಅವನನ್ನು ನೂಕುತ್ತಿತ್ತು.

"ಯಪ್ಪಾ, ಕುಂದ್ರು! ಕುಂದ್ರು ಯಪ್ಪಾ!" ಎಂದು ಕೂಗಿದ.

ಅಪ್ಪ ಕೂರಲಿಲ್ಲ. ಒಂದು ಕೈ ಮೇಲೆತ್ತಿ ನಿಂತೇ ಇದ್ದರು. ಕೆಳಗೆ, ದಾರಿಯ ನಡುವೆ, ಆರತಿ ತಟ್ಟೆ ಹಿಡಿದು ಅವ್ವ ಮತ್ತು ಕೇರಿಯ ಹೆಂಗಸರು. ಜೊತೆಗಿದ್ದವರು ಒಬ್ಬೊಬ್ಬರಾಗಿ ನೊಗ ಬಿಟ್ಟು ಪಕ್ಕಕ್ಕೆ ಹಾರಿದರು. ತಮ್ಮ ಬಿಡಲಿಲ್ಲ. ನೊಗ ನೆಲಕ್ಕೆ ಬಿದ್ದರೆ ಅಪ್ಪ ಸಿಮೆಂಟಿಗೆ ತಲೆ ಕೊಟ್ಟು ಬೀಳುತ್ತಾರೆ, ಬಿಡದಿದ್ದರೆ ಗಾಲಿ ತನ್ನ ಮೇಲೆ. ಅವನು ಮೈಯೆಲ್ಲ ತಿರುಚಿ ನೊಗವನ್ನು ಎಡಕ್ಕೆ ಎಳೆದ. ಅಲ್ಲಿ ಯಾರದೋ ಮನೆ ಕಟ್ಟಲು ಸುರಿದ ಉಸುಕಿನ ಗುಡ್ಡೆ ಇತ್ತು. ಬಂಡಿ ಅದಕ್ಕೆ ನುಗ್ಗಿ ನಿಂತಿತು. ಅಪ್ಪ ಉಸುಕಿನ ಮೇಲೆ ಹಾರಿ ಬಿದ್ದರು. ತಮ್ಮ ಕಾಣಲಿಲ್ಲ.

ನೊಗದ ಕೆಳಗಿಂದ ಅವನ ಕೈ ಅಲ್ಲಾಡುವವರೆಗಿನ ಆ ಗಳಿಗೆಯೇ ನನಗೆ ಮತ್ತೆ ಮತ್ತೆ ಬರುವುದು. ವಿಡಿಯೋ ಅಳಿಸಿದ್ದೇನೆ. ಏನೂ ಪ್ರಯೋಜನವಿಲ್ಲ. ಒಮ್ಮೊಮ್ಮೆ ಕಣ್ಣೊಳಗೆ ಬಂಡಿ ಎಡಕ್ಕೆ ತಿರುಗುವುದೇ ಇಲ್ಲ.

ಅಪ್ಪನ ಹೆಗಲ ಮೂಳೆ ಮುರಿದಿತ್ತು, ತಮ್ಮನ ಪಾದ. ರಾಯಚೂರಿನ ಆಸ್ಪತ್ರೆಯಲ್ಲಿ ಇಬ್ಬರೂ ಅಕ್ಕಪಕ್ಕದ ಮಂಚಗಳಲ್ಲಿ ಮಲಗಿ ಜಗಳ ಆಡಿದರು.

"ಕುಂದ್ರು ಅಂದ್ರ ಯಾಕ ಕುಂದ್ರಲಿಲ್ಲ?"

"ಸಾಹೇಬ್ರು ಕುಂತಿದ್ರೇನಲೇ?"

ಈ ವರ್ಷ ದಿನ ಹತ್ತಿರ ಬಂದಾಗ ಅಪ್ಪ ಮತ್ತೆ ಪೆಟ್ಟಿಗೆಯಿಂದ ಕೋಟು ಹೊರತೆಗೆದರು. ನಾನು ಊರಿಗೆ ಓಡಿ ಹೋದೆ. ಎತ್ತು ಕಟ್ಟಿಕೊಂಡೇ ಇಳಿಯಿರಿ ಎಂದು ಬೇಡಿಕೊಂಡೆ.

"ಎತ್ತು ಇದ್ರ ಅದು ಮೆರವಣಿಗಿ ಆಗತದವ್ವಾ. ನಮ್ಮಪ್ಪ ಮಾಡಿದ್ದು ಅದಲ್ಲ," ಎಂದರು ಅಪ್ಪ. ತಮ್ಮ ಕುಂಟುತ್ತಾ ಬಂದು, ನೊಗ ನಾನೇ ಹಿಡಿಯುತ್ತೇನೆ ಎಂದ. ನನಗೆ ಅಳು, ಸಿಟ್ಟು ಒಟ್ಟಿಗೇ ಬಂದವು.

ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು. "ಮುಂದ ಎಳಿಯಾವರು ಗಂಡಸ್ರು ಅಂತ ಕತಿ ಹೇಳ್ತೀರಿ. ಇರ್ಲಿ ಬಿಡ್ರಿ. ಈ ಸಲ ಹಿಂದ ಹಗ್ಗ ಕಟ್ರಿ. ಆರತಿ ಆಮ್ಯಾಲ. ಮೊದ್ಲು ನಾವು ಹಿಡಿತೀವಿ."

ಅಪ್ಪ ಕೋಟಿನ ಧೂಳು ಕೊಡವಿದರು. "ಕತ್ಯಾಗ ಹಗ್ಗ ಇಲ್ಲಲ್ಲ," ಎಂದರು.

"ಕತ್ಯಾಗ ಸಿಮೆಂಟು ಅದ ಏನು?"

ನಿನ್ನೆ ಬೆಳಿಗ್ಗೆ ತಾಲೀಮು ಆಯಿತು. ಮೊದಲು ಖಾಲಿ ಬಂಡಿ ಇಳಿಯಿತು. ಆಮೇಲೆ ಅಪ್ಪ ಹತ್ತಿದರು, ನಿಂತರು. ಹಿಂದೆ ಹಗ್ಗದ ತುದಿಯಲ್ಲಿ ಅವ್ವ, ಅವಳ ಮುಂದೆ ನಾನು, ನನ್ನ ಮುಂದೆ ಕೇರಿಯ ಹೆಂಗಸರು ಹಿಮ್ಮಡಿ ಊರಿ ನಿಂತೆವು. ಗಾಲಿ ಒಂದು ಗೇಣು, ಮತ್ತೊಂದು ಗೇಣು ಉರುಳಿತು. ಉಸುಕಿದ್ದ ಜಾಗದಲ್ಲಿ ಈಗ ಮನೆ ಎದ್ದಿದೆ, ಗೋಡೆ ರಸ್ತೆಗೆ ಬಂದಿದೆ. ಈ ಸಲ ಜಾರಿದರೆ ತಿರುಗಿಸಲು ಜಾಗವಿಲ್ಲ. ಅದು ಕಂಡದ್ದೇ ನಾನು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡೆ.

ಬಂಡಿ ಕೆಳಗೆ ನಿಂತಿತು. ತಮ್ಮ ನೊಗ ಇಳಿಸಿ ಗಾಲಿಗೆ ಕಲ್ಲು ಕೊಟ್ಟ. ಅಪ್ಪ ಇಳಿದರು.

"ಬಿಡು ಬೇ, ಬಂತು," ಎಂದಳು ಅವ್ವ.

ಬಿಡಲು ನೋಡಿದೆ. ಬೆರಳು ಬಿಚ್ಚಲಿಲ್ಲ. ಅವ್ವನೇ ಒಂದೊಂದಾಗಿ ಬಿಡಿಸಿದಳು.